ಅದೇ ಎಂಟು ದಿನ: ಮಂಗಳೂರು ಸೀಮೆಯಲ್ಲಿ ಪವಿತ್ರ ವಾರ

ಮಂಗಳೂರಿಗೆ ಜನ ಮೀನೂಟಕ್ಕೆ ಬರುತ್ತಾರೆ, ಸಮುದ್ರಕ್ಕೆ ಬರುತ್ತಾರೆ, ಧರ್ಮಸ್ಥಳ–ಕಟೀಲಿನ ದಾರಿಯಲ್ಲಿ ಒಂದು ರಾತ್ರಿ ತಂಗುತ್ತಾರೆ. ಪವಿತ್ರ ವಾರ, ಅಂದರೆ ಯೇಸುವಿನ ಕೊನೆಯ ದಿನಗಳನ್ನು ನೆನೆದು ಅವನು ಸಾವಿನಿಂದ ಎದ್ದ ಈಸ್ಟರ್ ಹಬ್ಬಕ್ಕೆ ಮುಗಿಯುವ ವಾರ, ನೋಡಲೆಂದೇ ಬರುವವರು ಕಡಿಮೆ. ತೇರಿಲ್ಲ, ಸಿಡಿಮದ್ದಿಲ್ಲ, ವಾರವಿಡೀ ಪ್ರಾರ್ಥನೆ ಅಷ್ಟೇ ಎನ್ನುವುದು ಒಂದು ಕಾರಣ. ತಾರೀಕು ವರ್ಷವರ್ಷ ಜಾರುವುದು ಇನ್ನೊಂದು. ಲೆಕ್ಕ ಸುಲಭ: ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು, ಅದಾದ ಮೇಲಿನ ಭಾನುವಾರ ಈಸ್ಟರ್. ಹಾಗಾಗಿ ಹಬ್ಬ ಮಾರ್ಚ್ 22ಕ್ಕಿಂತ ಮುಂಚೆ ಬೀಳದು, ಏಪ್ರಿಲ್ 25 ದಾಟದು. 2027ರಲ್ಲಿ ಹುಣ್ಣಿಮೆ ಮಾರ್ಚ್ 22ರ ಸೋಮವಾರ, ಈಸ್ಟರ್ 28ರ ಭಾನುವಾರ. ಕೆಳಗಿನ ದಿನಗಳನ್ನು ಆ ವರ್ಷಕ್ಕೆ ಹೊಂದಿಸಿದೆ. ಬೇರೆ ವರ್ಷಕ್ಕೆ ತಾರೀಕು ಬದಲಾಗುತ್ತದೆ, ವಾರದ ಕ್ರಮ ಬದಲಾಗುವುದಿಲ್ಲ.

ದಿನ ಬೆಳಗಾದರೆ ಅದೇ ಟಿಫಿನ್ ಡಬ್ಬಿ, ಅದೇ ಬಸ್ಸು, ತಿಂಗಳಾದರೆ ಅದೇ ಇಎಂಐ ಎಂದು ಬೇಸತ್ತು ಹೊರಡುವವರಿಗೆ ಮೊದಲೇ ಹೇಳಿಬಿಡಬೇಕು: ಇಲ್ಲಿಯೂ ಎಲ್ಲ ಅದೇ. ಹೋದ ವರ್ಷ ಓದಿದ ಪಾಠ, ಹೋದ ವರ್ಷ ಕೇಳಿದ ಪ್ರಶ್ನೆ, ಹೋದ ವರ್ಷ ಕೊಟ್ಟ ಉತ್ತರ. ಆ ಅದೇತನವನ್ನು ಕ್ರೈಸ್ತರು ಹೇಗೆ ಬಳಸುತ್ತಾರೆ ಎಂದು ಹತ್ತಿರದಿಂದ ನೋಡುವುದಕ್ಕೇ ಈ ಎಂಟು ದಿನ.

ಹಂಪನಕಟ್ಟೆಯ ಆಸುಪಾಸು ಕೋಣೆ ಹಿಡಿದರೆ ಹೆಚ್ಚಿನ ಚರ್ಚುಗಳಿಗೆ ಆಟೊ ಸಾಕು. ಸೆಕೆ ಹೇಳತೀರದು, ಹತ್ತಿ ಬಟ್ಟೆ, ನೀರಿನ ಬಾಟಲಿ, ಕರವಸ್ತ್ರ ಕೈಯಲ್ಲಿರಲಿ. ಕೆಥೋಲಿಕ್ ಚರ್ಚುಗಳಲ್ಲಿ ಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ, ಕೆಲವೆಡೆ ಕನ್ನಡ, ಇಂಗ್ಲಿಷ್. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟಂಟ್ ಪಂಗಡದ ಸಭೆಗಳಲ್ಲಿ ಕನ್ನಡ, ತುಳು. ಯಾವ ಧರ್ಮದವರು ಬಂದು ಕೂತರೂ ಅಡ್ಡಿಯಿಲ್ಲ. ಪೂಜೆಯಲ್ಲಿ ಹಂಚುವ ರೊಟ್ಟಿಯ, ಅಂದರೆ ಪರಮಪ್ರಸಾದದ ಸಾಲಿಗೆ ಮಾತ್ರ ಹೋಗಬಾರದು, ಕೂತಲ್ಲೇ ಇದ್ದರಾಯಿತು.

ಮೊದಲ ದಿನ, ಗರಿಗಳ ಭಾನುವಾರ

ಬೆಳಗಿನ ಮೊದಲ ಪೂಜೆಗೆ ಹೋಗುವುದು ಒಳ್ಳೆಯದು. ಒಂಬತ್ತರ ಬಿಸಿಲಿಗೆ ಗರಿಯೂ ಬಾಡುತ್ತದೆ, ಜನರೂ ಬಾಡುತ್ತಾರೆ. ಮಿಲಾಗ್ರಿಸ್, ರೊಸಾರಿಯೊ, ಬೆಂದೂರು, ಬಿಜೈ, ಕುಲಶೇಖರ, ಯಾವ ಚರ್ಚಾದರೂ ಸರಿ. ರೊಸಾರಿಯೊ ಬಿಷಪ್ಪರ ಪೀಠವಿರುವ ಕೆಥೆಡ್ರಲ್, ಅದರ ಚರಿತ್ರೆ 1568ಕ್ಕೆ ಹೋಗುತ್ತದೆ. ಎಲ್ಲಿಯೇ ಆಗಲಿ, ಜನ ಸೇರುವುದು ಚರ್ಚಿನ ಒಳಗಲ್ಲ. ಅಂಗಳದಲ್ಲೋ ಹತ್ತಿರದ ಶಾಲೆಯ ಮೈದಾನದಲ್ಲೋ. ಅಲ್ಲಿ ಗರಿ ಆಶೀರ್ವದಿಸಿ, ಮೆರವಣಿಗೆಯಲ್ಲಿ ಒಳಗೆ ಬರುತ್ತಾರೆ. ಯೇಸು ಕತ್ತೆಮರಿಯ ಮೇಲೆ ಜೆರುಸಲೇಮಿಗೆ ಬಂದ ದಿನದ ನೆನಪು.

ಕರಾವಳಿಯಲ್ಲಿ ಗರಿ ಎಂದರೆ ತೆಂಗಿನ ಸಿರಿ, ಇನ್ನೂ ಬಿಚ್ಚದ ಸುಳಿಯ ಬೆಣ್ಣೆಬಣ್ಣದ ಎಳೆ ಎಲೆ. ತುಳುವರ ಕೋಲದಲ್ಲಿ ದೈವದ ನಡುವಿಗೆ ಕಟ್ಟುವುದೂ ಇದನ್ನೇ. ಒಂದು ಸುಳಿಯಲ್ಲಿ 200ರ ಸುಮಾರಿಗೆ ಎಲೆ ಸಿಗುತ್ತವೆ. ಎರಡು ಸಾವಿರ ಜನ ಸೇರುವ ಚರ್ಚಿಗೆ ಹತ್ತು ಹನ್ನೆರಡು ಸುಳಿ ಬೇಕು. ಒಂದೇ ಮರದಿಂದ ಎರಡನೆಯದನ್ನು ಕೀಳಬಾರದು, ಮರ ಸೊರಗುತ್ತದೆ. ಶನಿವಾರ ಸಂಜೆ ಕಡಿದು ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಬರೀ ನೆಲದ ಮೇಲೆ ಬಿಟ್ಟರೆ ಬೆಳಗ್ಗೆ ಅಂಚು ಕಂದಿರುತ್ತದೆ.

ಪೂಜೆಯ ನಡುವೆ ಮಕ್ಕಳ ಕೈ ಸುಮ್ಮನಿರುವುದಿಲ್ಲ, ಎಲೆಯಿಂದ ಶಿಲುಬೆ ಕಟ್ಟುತ್ತವೆ. ನಡುವಿನ ಕಡ್ಡಿ ಸೀಳಿ ತೆಗೆದರೆ ಎರಡು ಪಟ್ಟಿ. ಅಗಲದ ಬುಡ ಶಿಲುಬೆಯ ಕಾಲಿಗೆ, ಕಿರಿದಾದ ತುದಿ ಕೈಗಳಿಗೆ. ಕೂಡುವಲ್ಲಿ ಓರೆಯಾಗಿ ಎರಡು ಸುತ್ತು ಸುತ್ತಿ, ತುದಿಯನ್ನು ಹಿಂದಿನ ಮಡಿಕೆಯೊಳಗೆ ತೂರಿಸಬೇಕು. ಬಿಗಿಯಾಗಿ ಸುತ್ತದಿದ್ದರೆ ವಾರದೊಳಗೆ ಎಲೆ ಒಣಗಿ ಕುಗ್ಗಿ ಶಿಲುಬೆಯ ಕೈ ಜೋತುಬೀಳುತ್ತದೆ. ಈ ಗರಿಯನ್ನು ಮನೆಗೆ ಒಯ್ದು ಮಂಟಪದ ಶಿಲುಬೆಯ ಹಿಂದೆ ಸಿಕ್ಕಿಸುತ್ತಾರೆ. ಪ್ರವಾಸಿಗೂ ಒಂದು ಸಿಗುತ್ತದೆ. ಚೀಲದ ತಳಕ್ಕೆ ಹಾಕದೆ ಪುಸ್ತಕದ ನಡುವೆ ಇಡಿ, ಇದರ ಕೆಲಸ ಇನ್ನೂ ಇದೆ.

ಒಳಗೆ ಬಂದ ಮೇಲೆ ಯೇಸುವಿನ ಯಾತನೆ, ಸಾವಿನ ದೀರ್ಘ ಪಾಠ. ಯೇಸುವಿನ ಕಥೆ ಬರೆದವರ ಪಾಠಗಳು ಮೂರು ವರ್ಷದ ಸುತ್ತಿನಲ್ಲಿ ತಿರುಗುತ್ತವೆ: ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. 2027 ಮಾರ್ಕನದು. ಮೂವರು ಓದುತ್ತಾರೆ, ಒಬ್ಬರು ಕಥೆ ಹೇಳುವವರು, ಒಬ್ಬರು ಯೇಸುವಿನ ಮಾತು, ಇನ್ನೊಬ್ಬರು ಉಳಿದವರೆಲ್ಲರ ಮಾತು. ಗುಂಪಿನ ಕೂಗು ಬಂದಲ್ಲಿ ಬಹಳಷ್ಟು ಚರ್ಚುಗಳಲ್ಲಿ ನೆರೆದವರೇ ದನಿಗೂಡಿಸುತ್ತಾರೆ. ಅಂಗಳದಲ್ಲಿ ಗರಿ ಬೀಸಿ ಹೊಸಾನ್ನ ಎಂದು ಜಯಕಾರ ಹಾಡಿದ ಬಾಯಿಯೇ ಅರ್ಧ ಗಂಟೆಯೊಳಗೆ ‘ಶಿಲುಬೆಗೇರಿಸಿ’ ಎನ್ನಬೇಕು. ಗರಿ ಇನ್ನೂ ಕೈಯಲ್ಲೇ ಇರುತ್ತದೆ. ಇಡೀ ವಾರದಲ್ಲಿ ಇದಕ್ಕಿಂತ ಕಸಿವಿಸಿಯ ಗಳಿಗೆ ಇನ್ನೊಂದಿಲ್ಲ.

ಎರಡನೆಯ ದಿನ, ಸೋಮವಾರ

ಹಗಲು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ. ಕಾಲೇಜು 1880ರದು. ಒಳಗಿನ ಚಿತ್ರಗಳನ್ನು ಬರೆದವರು ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ, 19ನೇ ಶತಮಾನ ಮುಗಿಯುವ ಹೊತ್ತಿಗೆ. ಮುಂದೆ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಗೋಡೆ ಚಿತ್ರದಲ್ಲಿ ಫ್ರೆಸ್ಕೊ ಎಂಬ ಬಗೆಗೆ ಒಂದು ಕಟ್ಟುಪಾಡಿದೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಆಗಲೇ ಅದು ಗಾರೆಯೊಳಗೆ ಸೇರಿ ಗಟ್ಟಿಯಾಗುತ್ತದೆ. ಹಾಗಾಗಿ ಬೆಳಗ್ಗೆ ಒಂದು ದಿನಕ್ಕೆ ಸಾಕಾಗುವಷ್ಟೇ ಗಾರೆ ಮೆತ್ತುತ್ತಾರೆ. ಸಂಜೆಗೆ ಮುಗಿಯದೆ ಉಳಿದ ಭಾಗವನ್ನು ಕೆರೆದು ತೆಗೆಯಲೇಬೇಕು. ನಾಳೆಯ ಗಾರೆಯನ್ನು ಇಂದು ಮೆತ್ತುವಂತಿಲ್ಲ. ಮೇಲೆ ನೋಡುತ್ತ ಕತ್ತು ನೋಯುತ್ತದೆ, ಬೆಂಚಿನ ಒರಗಿಗೆ ತಲೆಯಾನಿಸಿ ನೋಡಿ. ಫೋಟೊ ತೆಗೆಯುವ ಮುನ್ನ ಕೇಳಿ.

ಸಂಜೆ ಏಳೂವರೆ ಎಂಟರ ಹೊತ್ತಿಗೆ ಕೆಥೋಲಿಕ್ ಮನೆಗಳ ಓಣಿಯಲ್ಲಿ ನಡೆದರೆ ಕಿಟಕಿಗಳಿಂದ ತೇರ್ಸ್ ಕೇಳುತ್ತದೆ, ಕೊಂಕಣಿಯಲ್ಲಿ ಜಪಸರ ಪ್ರಾರ್ಥನೆಗೆ ಆ ಹೆಸರು. ಐದು ಹತ್ತರ ಸುತ್ತು, ಮೊದಲಿನ ಮೂರು ಸೇರಿ 53 ‘ನಮೋ ಮರಿಯಾ’. ಮೊದಲರ್ಧ ಒಬ್ಬರು, ಉಳಿದರ್ಧ ಎಲ್ಲರೂ. ನೆಮ್ಮದಿಯಾಗಿ ಹೇಳಿದರೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಕೆಡುವುದು ವೇಗದಿಂದ: ಮುಂದಾಳು ಮುಗಿಸುವ ಮೊದಲೇ ಉಳಿದವರು ಶುರುಮಾಡುತ್ತಾರೆ, ಅವರು ಮುಗಿಸುವ ಮೊದಲೇ ಮುಂದಾಳು, ಕೊನೆಗೆ ಎರಡೂ ಒಂದರ ಮೇಲೊಂದು ಹತ್ತಿ ಬರೀ ಗುಂಯ್ ಎನ್ನುವ ಸದ್ದು ಉಳಿಯುತ್ತದೆ. ಅಜ್ಜಿಯರು ಇದಕ್ಕೆ ಮಾಡುವ ಉಪಾಯ ಒಂದೇ, ತಮ್ಮ ಪಾಲಿನ ಕೊನೆಯ ಪದವನ್ನು ಎಳೆದು ಹೇಳುವುದು. ಮಣಿಯ ಲೆಕ್ಕ ಬೆರಳು ನೋಡಿಕೊಳ್ಳುತ್ತದೆ, ಮನಸ್ಸು ಯೇಸುವಿನ ಬದುಕಿನ ಒಂದೊಂದು ಘಟನೆಯ ಮೇಲೆ ನಿಲ್ಲಬೇಕು. ನಿಲ್ಲದ ದಿನವೂ ಬೆರಳು ತನ್ನ ಕೆಲಸ ಮುಗಿಸುತ್ತದೆ. ನಿಂತ ದಿನಕ್ಕಾಗಿ ಕಾದು ಕೂತಿದ್ದರೆ ತೇರ್ಸ್ ಎಂದೋ ನಿಂತುಹೋಗುತ್ತಿತ್ತು.

ಮೂರನೆಯ ದಿನ, ಮಂಗಳವಾರ

ಚರ್ಚಿನಿಂದ ದೂರದ ದಿನ. ಬಂದರಿನಿಂದ ಬೆಂಗ್ರೆಗೆ ದೋಣಿ ಹೋಗುತ್ತದೆ. ಒಂದೆಡೆ ಫಲ್ಗುಣಿ, ಅಂದರೆ ಗುರುಪುರ ಹೊಳೆ, ಇನ್ನೊಂದೆಡೆ ಅರಬಿ ಸಮುದ್ರ, ನಡುವೆ ಉದ್ದನೆಯ ಮರಳ ನಾಲಿಗೆ. ಅದರ ತುದಿಗೆ ನಡೆದರೆ ಅಳಿವೆ ಬಾಗಿಲು; ನೇತ್ರಾವತಿ ಮತ್ತು ಫಲ್ಗುಣಿ ಸೇರಿ ಸಮುದ್ರಕ್ಕೆ ಬೀಳುವ ಜಾಗ. ಹುಣ್ಣಿಮೆಯ ಮರುದಿನವಾದ್ದರಿಂದ ಭರತ ಜೋರಿರುತ್ತದೆ. ತುದಿಯಲ್ಲಿ ನೀರಿಗಿಳಿಯಬೇಡಿ, ಹೊಳೆಯ ಸೆಳೆತ ಮತ್ತು ಕಡಲ ನೂಕು ಒಂದೇ ಕಡೆ ಸೇರುತ್ತವೆ. ಕೊನೆಯ ದೋಣಿ ಎಷ್ಟಕ್ಕೆ ಎಂದು ಹೋಗುವಾಗಲೇ ದೋಣಿಯವರನ್ನು ಕೇಳಿಕೊಳ್ಳಿ.

ಕೂತು ಓದಬೇಕಾದ್ದು ಬೈಬಲ್ಲಿನ ಒಂದು ಚಿಕ್ಕ ಪುಸ್ತಕ, ಹನ್ನೆರಡೇ ಅಧ್ಯಾಯ. ಪ್ರಾಟೆಸ್ಟಂಟರ ಕನ್ನಡ ಬೈಬಲ್ಲಿನಲ್ಲಿ ಅದರ ಹೆಸರು ‘ಪ್ರಸಂಗಿ’, ಕೆಥೋಲಿಕರ ಬೈಬಲ್ಲಿನಲ್ಲಿ ‘ಉಪದೇಶಕ’. ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಹುಟ್ಟಿದ ಜಾಗಕ್ಕೆ ಮತ್ತೆ ಓಡುತ್ತಾನೆ, ಗಾಳಿ ಸುತ್ತಿ ಸುತ್ತಿ ಬರುತ್ತದೆ, ಹೊಳೆಗಳೆಲ್ಲ ಕಡಲಿಗೆ ಹರಿದರೂ ಕಡಲು ತುಂಬುವುದಿಲ್ಲ, ಹೊಸದೆಂಬುದು ಲೋಕದಲ್ಲಿಲ್ಲ. ಮೊದಲ ಅಧ್ಯಾಯದ ಮಾತೆಲ್ಲ ಈ ಮರಳಿನ ಮೇಲೆ ಕಣ್ಣೆದುರಿಗೇ ನಡೆಯುತ್ತದೆ. ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಪದ ಕನ್ನಡದಲ್ಲಿ ‘ವ್ಯರ್ಥ’ ಆಗಿದೆ. ಹೀಬ್ರು ಮೂಲದಲ್ಲಿ ಅದು ‘ಹೆವೆಲ್’. ಉಸಿರು, ಆವಿ ಎಂದು ಅದರ ನೇರ ಅರ್ಥ. ವ್ಯರ್ಥ ಎಂದರೆ ಎಸೆದುಬಿಡಬೇಕಾದ್ದು. ಆವಿ ಹಾಗಲ್ಲ. ಇದೆ, ಕಾಣುತ್ತದೆ, ಮುಷ್ಟಿಯಲ್ಲಿ ನಿಲ್ಲುವುದಿಲ್ಲ ಅಷ್ಟೇ. ಈ ಒಂದು ಪದ ತಿದ್ದಿಕೊಂಡು ಓದಿದರೆ ಪುಸ್ತಕದ ಗುಣವೇ ಬೇರೆಯಾಗುತ್ತದೆ. ಉಣ್ಣುವುದು, ಕುಡಿಯುವುದು, ದುಡಿಮೆಯಲ್ಲಿ ಸಂತೋಷ ಕಾಣುವುದು ದೇವರ ಕೈಯಿಂದ ಬಂದದ್ದು ಎಂದು ಎರಡನೆಯ ಅಧ್ಯಾಯದ ಕೊನೆಯಲ್ಲಿ ಅದೇ ಪ್ರಸಂಗಿ ಹೇಳುವುದು ಆಗ ತಲೆಬುಡವಿಲ್ಲದ ಮಾತೆನಿಸುವುದಿಲ್ಲ.

ಆದರೆ ಪ್ರಸಂಗಿ ಚಕ್ರದಿಂದ ಹೊರಗೆ ಕಾಲಿಡುವುದಿಲ್ಲ. ಕ್ರೈಸ್ತರ ಮಾತು ಶುರುವಾಗುವುದು ಅಲ್ಲಿಂದ ಮುಂದೆ, ಇದೇ ವಾರದ ಕೊನೆಗೆ.

ನಾಲ್ಕನೆಯ ದಿನ, ಬುಧವಾರ

ಶಿಷ್ಯ ಯೂದ ಯೇಸುವನ್ನು ಹಿಡಿದುಕೊಡಲು ಮೂವತ್ತು ಬೆಳ್ಳಿ ನಾಣ್ಯಕ್ಕೆ ಒಪ್ಪಿದ ಪಾಠ ಓದುವ ದಿನ. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಮೂಡುಬಿದಿರೆ ಮಾರ್ಗವಾಗಿ ಕಾರ್ಕಳಕ್ಕೆ ಸುಮಾರು 50 ಕಿಲೋಮೀಟರ್; ಅಲ್ಲಿಂದ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾ ಹತ್ತಿರ. ಜನವರಿಯ ಜಾತ್ರೆಗೆ ಎಲ್ಲ ಧರ್ಮದವರೂ ಮೇಣದ ಬತ್ತಿ ಹಿಡಿದು ನೆರೆಯುವ ಜಾಗ, 2016ರಲ್ಲಿ ಬಸಿಲಿಕಾ ಪದವಿ ಬಂತು. ಈ ವಾರ ಖಾಲಿಖಾಲಿ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಾದ ತಪಸ್ಸುಕಾಲದ ಐದನೆಯ ಭಾನುವಾರದಿಂದ ಶಿಲುಬೆ, ಪ್ರತಿಮೆಗಳಿಗೆ ನೇರಳೆ ಬಟ್ಟೆ ಹೊದಿಸುವ ರೂಢಿಯಿದೆ; ಪ್ರತಿಮೆ ನೋಡಲೆಂದೇ ಹೋದವರಿಗೆ ಬರೀ ಬಟ್ಟೆಯ ಗುಡ್ಡೆ ಕಂಡೀತು. ನಿರಾಶೆ ಬೇಡ, ಕಣ್ಣಿಗೂ ಉಪವಾಸ ಎನ್ನುವುದೇ ಅದರ ಉದ್ದೇಶ.

ವಾರದ ನಡುವೆ ಬಿಷಪ್ಪರು ಎಲ್ಲ ಗುರುಗಳೊಂದಿಗೆ ಸೇರಿ ವರ್ಷಕ್ಕಾಗುವ ಎಣ್ಣೆ ಆಶೀರ್ವದಿಸುವ ಪೂಜೆಯೂ ಇರುತ್ತದೆ. ನಿಯಮದ ಪ್ರಕಾರ ಅದು ಗುರುವಾರ ಬೆಳಗ್ಗೆ. ದೂರದ ಗುರುಗಳು ಸಂಜೆಯೊಳಗೆ ತಮ್ಮ ಊರು ಸೇರಬೇಕಾದ್ದರಿಂದ ಬಹಳ ಧರ್ಮಕ್ಷೇತ್ರಗಳಲ್ಲಿ ಒಂದೆರಡು ದಿನ ಮುಂಚೆಯೇ ಮಾಡುತ್ತಾರೆ. ಎಣ್ಣೆ ಮೂರು ಬಗೆ: ರೋಗಿಗಳಿಗೆ, ದೀಕ್ಷಾಸ್ನಾನಕ್ಕೆ (ನೀರಿನಿಂದ ಕ್ರೈಸ್ತರಾಗುವ ವಿಧಿ) ಸಿದ್ಧರಾಗುವವರಿಗೆ, ಮತ್ತು ಸುಗಂಧ ಬೆರೆಸಿದ ಕ್ರಿಸ್ಮ. ಕ್ರಿಸ್ಮದ ಪಾತ್ರೆಯ ಬಾಯಿಗೆ ಬಿಷಪ್ಪರು ಬಾಗಿ ಉಸಿರು ಊದುತ್ತಾರೆ. ನಿನ್ನೆ ಪ್ರಸಂಗಿಯಲ್ಲಿ ಓದಿದ ಅದೇ ಉಸಿರು, ಕೈಗೆ ಸಿಗದ್ದು, ಇಲ್ಲಿ ವರ್ಷವಿಡೀ ಹಣೆಗಳಿಗೆ ಹಚ್ಚುವ ಎಣ್ಣೆಯ ಮೇಲೆ. ಹೋದ ವರ್ಷದ ಎಣ್ಣೆ ಉಳಿದಿದ್ದರೆ ಸುಟ್ಟು ತೀರಿಸಬೇಕು, ಚೆಲ್ಲುವಂತಿಲ್ಲ.

ಐದನೆಯ ದಿನ, ಪವಿತ್ರ ಗುರುವಾರ

ಮಧ್ಯಾಹ್ನ ಬಿ.ಸಿ. ರೋಡು, ಪುಂಜಾಲಕಟ್ಟೆ ದಾಟಿ ಬೆಳ್ತಂಗಡಿಗೆ. 60 ಕಿಲೋಮೀಟರಿನ ಆಸುಪಾಸು, ಎರಡು ಗಂಟೆ ಹಿಡಿದುಕೊಳ್ಳಿ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಈ ಗುಡ್ಡಗಳಲ್ಲಿ ರಬ್ಬರ್ ಹಾಕಿದ ಸಿರೋ ಮಲಬಾರ್ ಕ್ರೈಸ್ತರಿಗೆ (ಇವರೂ ಕೆಥೋಲಿಕರೇ, ಪೂಜೆಯ ಕ್ರಮ ಬೇರೆ) 1999ರಿಂದ ಬೆಳ್ತಂಗಡಿಯೇ ಧರ್ಮಕ್ಷೇತ್ರದ ಕೇಂದ್ರ. ಪೇಟೆಯಲ್ಲಿ ಮಂಗಳೂರಿನವರಂತೆ ಲ್ಯಾಟಿನ್ ಪದ್ಧತಿಯ ಚರ್ಚೂ ಇದೆ. ಸಂಜೆ ಅಲ್ಲಿ ಕೂತು, ರಾತ್ರಿ ಪರಿಚಯದ ಸಿರೋ ಮಲಬಾರ್ ಮನೆಯೊಂದಕ್ಕೆ ಹೋಗುವುದಾದರೆ ಒಂದೇ ದಿನ ಎರಡೂ ಸಂಪ್ರದಾಯ ಕಂಡಂತೆ.

ಸಂಜೆಯ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಇರುವ ಗಂಟೆಗಳನ್ನೆಲ್ಲ ಬಾರಿಸುತ್ತಾರೆ, ಆಮೇಲೆ ಶನಿವಾರ ರಾತ್ರಿಯವರೆಗೆ ಒಂದೂ ಮಿಡುಕುವುದಿಲ್ಲ; ಬೇಕಾದಲ್ಲಿ ಮರದ ಗಿಲಕಿ. ಪ್ರವಚನದ ನಂತರ, ಯೇಸು ಕೊನೆಯ ಊಟದಲ್ಲಿ ಶಿಷ್ಯರ ಪಾದ ತೊಳೆದ ನೆನಪಿಗೆ, ಗುರುಗಳು ಜನರ ಪಾದ ತೊಳೆಯುವುದು. ಸಾಮಾನ್ಯವಾಗಿ ಹನ್ನೆರಡು ಜನ; ಗಂಡಸರೇ ಆಗಬೇಕೆಂಬ ನಿಯಮವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಸಡಿಲಿಸಿದರು. ಬೇಕಾದ್ದು ಒಂದು ಹೂಜಿ, ಅಗಲ ಬಾಯಿಯ ಬೋಗುಣಿ, ತಲಾ ಒಂದು ಟವೆಲು. ಬಲಪಾದ ಒಂದೇ ಸಾಕು. ಪಾಲಿಶ್ ಕಲ್ಲಿನ ನೆಲದ ಮೇಲೆ ನೀರು ಚೆಲ್ಲಿದರೆ ಮುಂದೆ ಬರುವ ಮೆರವಣಿಗೆಯಲ್ಲಿ ಯಾರಾದರೂ ಜಾರುತ್ತಾರೆ. ಕುರ್ಚಿಗಳ ಕೆಳಗೆ ಗೋಣಿ ಹಾಸುವ ಚರ್ಚು ಜಾಣ ಚರ್ಚು. ತೊಳೆಸಿಕೊಳ್ಳುವವರೆಲ್ಲ ಮನೆಯಲ್ಲೇ ಚೆನ್ನಾಗಿ ಕಾಲು ತಿಕ್ಕಿಕೊಂಡು ಬಂದಿರುತ್ತಾರೆ ಎನ್ನುವುದು ಬೇರೆ ಮಾತು.

ಒಳಕೆಲಸದವರಿಗೆ ಈ ರಾತ್ರಿಯ ತಲೆನೋವು ಒಂದು ಲೆಕ್ಕ. ಶುಕ್ರವಾರ ಪೂಜೆಯಿಲ್ಲ, ಆದ್ದರಿಂದ ಇಂದೇ ಎರಡು ದಿನದ ಪರಮಪ್ರಸಾದ ಪ್ರತಿಷ್ಠಿಸಬೇಕು. ಶುಕ್ರವಾರ ಬರುವ ಜನ ಇಂದಿನವರಿಗಿಂತ ಹೆಚ್ಚು. ಕಡಿಮೆ ಬಿದ್ದರೆ ನಾಳೆ ಒಂದೊಂದನ್ನೂ ಎರಡು, ನಾಲ್ಕು ತುಂಡು ಮಾಡಿ ಹಂಚುವುದೇ ದಾರಿ. ಕೊನೆಗೆ ಬಲಿಪೀಠದ ಬಟ್ಟೆ ತೆಗೆಯುತ್ತಾರೆ, ಬರೀ ಕಲ್ಲು ಉಳಿಯುತ್ತದೆ.

ರಾತ್ರಿಯ ಮನೆಯಲ್ಲಿ ಪೆಸಹಾ ಅಪ್ಪಂ. ಈಜಿಪ್ಟಿನಿಂದ ಹೊರಟ ರಾತ್ರಿ ಇಸ್ರಾಯೇಲರಿಗೆ ಹಿಟ್ಟು ಹುಳಿಬರಲು ಬಿಡುವಷ್ಟು ಹೊತ್ತಿರಲಿಲ್ಲ. ಅದರ ನೆನಪಿಗೆ ಹುಳಿಯಿಲ್ಲದ ರೊಟ್ಟಿ. ಎರಡು ಲೋಟ ಅಕ್ಕಿಹಿಟ್ಟಿಗೆ ಅರ್ಧ ಲೋಟ ಉದ್ದು, ತೆಂಗಿನತುರಿ, ಜೀರಿಗೆ, ಎರಡು ಮೂರು ಸಣ್ಣ ಈರುಳ್ಳಿ, ಉಪ್ಪು. ಉದ್ದನ್ನು ನೆನೆಸಿ ನುಣ್ಣಗೆ ರುಬ್ಬಿ ಕೂಡಿಸಿ, ತಟ್ಟೆಯಲ್ಲಿ ಹೊಯ್ದು ಇಪ್ಪತ್ತು ಇಪ್ಪತ್ತೈದು ನಿಮಿಷ ಹಬೆಯಲ್ಲಿ ಬೇಯಿಸುವುದು. ರುಬ್ಬಿದ್ದನ್ನು ಕೂಡಲೇ ಒಲೆಗಿಡಬೇಕು. ಈ ಸೆಕೆಯಲ್ಲಿ ಮೂರು ನಾಲ್ಕು ಗಂಟೆ ಬಿಟ್ಟರೆ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ, ಆಮೇಲೆ ಅದು ತಿನ್ನಲು ರುಚಿಯೇ ಹೌದು, ಪೆಸಹಾ ಅಪ್ಪಂ ಅಲ್ಲ. ಬೇಯಿಸುವ ಮುನ್ನ ಮೇಲೆ ಇಡುವುದು ಭಾನುವಾರದ ಗರಿಯಿಂದ ಮಾಡಿದ ಪುಟ್ಟ ಶಿಲುಬೆ. ಜೊತೆಗೆ ಬೆಲ್ಲ, ತೆಂಗಿನ ಹಾಲು ಕುದಿಸಿದ ‘ಪಾಲ್’. ಪ್ರಾರ್ಥನೆ ಮುಗಿಸಿ ಮನೆಯ ಹಿರಿಯರು ಮುರಿದು, ವಯಸ್ಸಿನ ಕ್ರಮದಲ್ಲಿ ಕೈಗಿಡುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪಂ ಮಾಡುವುದಿಲ್ಲ, ನೆರೆಯವರು ತಂದುಕೊಡುತ್ತಾರೆ. ಹಾಗಾಗಿ ಪಕ್ಕದ ಮನೆಯ ಅಪ್ಪಂ ಕಂಡರೆ ಯಾಕೆಂದು ಕೇಳಬೇಡಿ.

ಆರನೆಯ ದಿನ, ಶುಭ ಶುಕ್ರವಾರ

ಬೆಳಗಿನ ಬಸ್ಸಿಗೆ ಮಂಗಳೂರಿಗೆ ವಾಪಸು. ಉಪವಾಸದ ನಿಯಮ ಕೆಥೋಲಿಕರಿಗೆ ಹೀಗೆ: 18 ತುಂಬಿದವರಿಂದ 59ರವರೆಗೆ ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಚಿಕ್ಕ ತಿನಿಸು, 14 ದಾಟಿದವರಿಗೆ ಮಾಂಸವಿಲ್ಲ. ಮೀನಿಗೆ ನಿಷೇಧವಿಲ್ಲ. ಮಂಗಳೂರಿನಲ್ಲಿ ಮಾಂಸ ಬಿಟ್ಟು ಮೀನು ತಿನ್ನುವುದನ್ನು ತ್ಯಾಗ ಎನ್ನಲು ಬಾಯಿ ಬರುವುದಿಲ್ಲವಾದ್ದರಿಂದ ಬಹಳ ಮನೆಗಳಲ್ಲಿ ಅದನ್ನೂ ಬಿಟ್ಟು ಗಂಜಿ, ಚಟ್ನಿ.

ಹನ್ನೆರಡಕ್ಕೆ ಬಲ್ಮಠದ ಕಡೆಗೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದು ಈ ಮಿಷನ್ನಿನಿಂದಲೇ. ಅವರ ಸಭೆಗಳು ಇಂದು ಸಿಎಸ್‌ಐಯಲ್ಲಿವೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಆರಾಧನೆ. ಮಾತಿಗೊಬ್ಬ ಪ್ರಸಂಗಗಾರ, ನಡುವೆ ಗೀತೆ. ಒಂದೊಂದಕ್ಕೆ 25 ನಿಮಿಷ ಹಿಡಿದರೆ 175 ನಿಮಿಷ, ಐದು ನಿಮಿಷ ಕೈಯಲ್ಲಿ. ಯಾವಾಗಲೂ ಎರಡನೆಯವರೋ ಮೂರನೆಯವರೋ ನಲವತ್ತು ನಿಮಿಷ ತೆಗೆದುಕೊಂಡು, ‘ಮುಗಿಯಿತು’ ಎಂಬ ಆರನೆಯ ಮಾತಿನವರಿಗೆ ಹತ್ತೇ ನಿಮಿಷ ಉಳಿಯುತ್ತದೆ. ಫ್ಯಾನಿನ ಕೆಳಗೆ ಜಾಗ ಬೇಕಾದರೆ ಹನ್ನೊಂದೂವರೆಗೆ ಹೋಗಿ.

ಕೆಥೋಲಿಕ್ ಚರ್ಚುಗಳಲ್ಲಿ ಮೂರು ಗಂಟೆಯ ನಂತರ. ವರ್ಷದಲ್ಲಿ ಬಲಿಪೂಜೆಯೇ ಇಲ್ಲದ ದಿನ. ಗಂಟೆ, ಹಾಡು ಏನೂ ಇಲ್ಲದೆ ಗುರುಗಳು ಬರುತ್ತಾರೆ, ಬರೀ ನೆಲಕ್ಕೆ ಬೋರಲು ಬೀಳುತ್ತಾರೆ. ಇಡೀ ಚರ್ಚು ಮೊಣಕಾಲೂರಿ ಸುಮ್ಮನಿರುತ್ತದೆ. ಹೊಸಬರು ಮುಂದೇನೋ ಮರೆತರು ಎಂದುಕೊಳ್ಳುವಷ್ಟು ದೀರ್ಘ ಮೌನ. ಪಾಠ ಮಾತ್ರ ಇಂದು ಮೂರು ವರ್ಷದ ಸುತ್ತಿಗೆ ಸೇರಿದ್ದಲ್ಲ. ಪ್ರತಿ ವರ್ಷವೂ ಯೊವಾನ್ನನದೇ. ಆಮೇಲೆ ಹತ್ತು ಪ್ರಾರ್ಥನೆ, ಶಿಲುಬೆಯ ವಂದನೆ. ಸಾಲು ಅರ್ಧ ಗಂಟೆಯಾದರೂ ಸಾಗುತ್ತದೆ. ಒಬ್ಬೊಬ್ಬರು ಮುತ್ತಿಟ್ಟಂತೆ ಪಕ್ಕದವರು ಬಟ್ಟೆಯಿಂದ ಆ ಜಾಗ ಒರೆಸುತ್ತಾರೆ. ಮುತ್ತು, ಒರೆಸು, ಮುತ್ತು, ಒರೆಸು. ಆ ಶಿಲುಬೆಯ ಪಾದದ ವಾರ್ನಿಶು ಸವೆದು ಮರದ ಮೈ ಕಾಣುತ್ತಿದ್ದರೆ ಎಷ್ಟು ಶುಕ್ರವಾರಗಳೆಂದು ನೀವೇ ಲೆಕ್ಕ ಹಾಕಿ.

ಏಳನೆಯ ದಿನ, ಶನಿವಾರ

ಹಗಲಿಗೆ ಏನೂ ಇಲ್ಲ. ಬಲಿಪೀಠ ಬೋಳು, ಪರಮಪ್ರಸಾದ ಇಡುವ ಪವಿತ್ರ ಪೆಟ್ಟಿಗೆಯ ಬಾಗಿಲು ತೆರೆದು ಒಳಗೆ ಖಾಲಿ. ಮಲಗಿ ನಿದ್ದೆ ಮಾಡಿ, ರಾತ್ರಿ ಉದ್ದವಿದೆ. ಜಾಗರಣೆ ಪೂರ್ತಿ ಕತ್ತಲಾದ ಮೇಲೆಯೇ ಶುರುವಾಗಬೇಕು. ಸೂರ್ಯ ಆರೂ ಮುಕ್ಕಾಲರ ಹೊತ್ತಿಗೆ ಮುಳುಗುವುದರಿಂದ ಏಳೂವರೆಗಿಂತ ಮುಂಚಿನದು ಹೆಸರಿಗೆ ಮಾತ್ರ ಜಾಗರಣೆ.

ಚರ್ಚಿನ ಹೊರಗೆ, ದೀಪವೆಲ್ಲ ಆರಿಸಿ, ಬೆಂಕಿ. ಕರಾವಳಿಯಲ್ಲಿ ಇದಕ್ಕೆ ತೆಂಗಿನ ಗೆರಟೆಯಷ್ಟು ಒಳ್ಳೆಯದು ಬೇರೆ ಇಲ್ಲ: ಇಪ್ಪತ್ತೈದು ಮೂವತ್ತು ಒಣ ಗೆರಟೆ, ಕೆಳಗೆ ಸಿಪ್ಪೆಯ ನಾರು. ಸೀಮೆಎಣ್ಣೆ ಸುರಿದರೆ ಭಗ್ಗೆಂದು ಎದ್ದು ಮಸಿ ಹಾರಿ ಗುರುಗಳ ಬಿಳಿ ಬಟ್ಟೆಗೆ ಕೂರುತ್ತದೆ, ಮುಂದಿನ ಸಾಲಿಗೆ ವಾಸನೆ. ಕೆಂಡವಾಗುವಷ್ಟು ಹೊತ್ತು ಮೊದಲೇ ಹಚ್ಚಿರಬೇಕು, ಏಕೆಂದರೆ ಧೂಪಾರತಿಗೆ ಕೆಂಡ ಇಲ್ಲಿಂದಲೇ.

ಈಗ ಪಾಸ್ಕದ ಬತ್ತಿ, ಅಂದರೆ ಈಸ್ಟರಿನ ದೊಡ್ಡ ಮೇಣದ ಬತ್ತಿ. ಇದರ ಹತ್ತಿರ ನಿಲ್ಲಲು ಜಾಗ ಹಿಡಿಯಿರಿ. ನಿಜವಾದ ಮೇಣದ್ದೇ ಆಗಬೇಕು, ಒಂದೇ ಇರಬೇಕು, ಪ್ರತಿ ವರ್ಷ ಹೊಸದೇ ಬೇಕು. ಪ್ಲಾಸ್ಟಿಕ್ ಕೊಳವೆಯೊಳಗೆ ಎಣ್ಣೆ ತುಂಬಿದ ನಕಲಿ ನಡೆಯದು. ಗುರುಗಳು ಚೂಪು ಕಡ್ಡಿಯಿಂದ ಮೇಣದ ಮೇಲೆ ಶಿಲುಬೆ ಗೀರುತ್ತಾರೆ. ಮೇಲೆ ಗ್ರೀಕಿನ ಮೊದಲ ಅಕ್ಷರ ಆಲ್ಫಾ, ಕೆಳಗೆ ಕೊನೆಯ ಅಕ್ಷರ ಒಮೇಗಾ. ಶಿಲುಬೆಯ ನಾಲ್ಕು ಮೂಲೆಗೆ ವರ್ಷದ ನಾಲ್ಕು ಅಂಕೆ: 2, 0, 2, 7. ನಿನ್ನೆಯೂ ಇಂದೂ ಕ್ರಿಸ್ತನೇ, ಆದಿಯೂ ಅಂತ್ಯವೂ ಅವನೇ, ಕಾಲವೆಲ್ಲ ಅವನದು ಎಂಬ ಅರ್ಥದ ಮಾತು ಗೀರಿಗೊಂದು. ಶಿಲುಬೆಯ ಗಾಯಗಳ ಲೆಕ್ಕಕ್ಕೆ ಐದು ಧೂಪದ ಹರಳು ಚುಚ್ಚುತ್ತಾರೆ. ಬಿರುಸು ಮೇಣಕ್ಕೆ ಹರಳು ಇಳಿಯುವುದಿಲ್ಲ, ಒತ್ತಿದರೆ ಸಿಡಿದು ಬೀಳುತ್ತದೆ. ಮುಂಚೆಯೇ ಬಿಸಿ ಸೂಜಿಯಿಂದ ತೂತು ಮಾಡಿಟ್ಟಿರಬೇಕು.

ಈ ರಾತ್ರಿ ಹೇಳುವ ಮಾತೆಲ್ಲ ಹಳೆಯದು, ಕೊನೆಯ ಅಂಕೆ ಒಂದೇ ಹೊಸದು. ಪ್ರಸಂಗಿಯ ಚಕ್ರಕ್ಕೆ ಕ್ರೈಸ್ತರು ಕೊಡುವ ಉತ್ತರವೂ ಆ ಅಂಕೆಯಲ್ಲೇ ಇದೆ ಎನ್ನಬಹುದು. ಸಮಾಧಿ ಒಮ್ಮೆ ಖಾಲಿಯಾಯಿತು, ಅದು ಮರಳಿ ನಡೆಯುವ ಘಟನೆಯಲ್ಲ. ಮರಳಿ ಬರುವುದು ನಾವು, ಪ್ರತಿ ವರ್ಷ ಒಂದು ವರ್ಷ ಹಳಬರಾಗಿ, ಅದೇ ಬತ್ತಿಯ ಮುಂದೆ.

ಮೂರು ಕಡೆ ನಿಂತು ‘ಕ್ರಿಸ್ತ ಜ್ಯೋತಿ’ ಎಂದು ಹಾಡುತ್ತ ಬತ್ತಿ ಕತ್ತಲ ಚರ್ಚಿನೊಳಗೆ ಹೋಗುತ್ತದೆ. ಕಡಲ ಗಾಳಿಗೆ ಬಾಗಿಲಲ್ಲೇ ಆರುವುದುಂಟು; ಗಾಜಿನ ಮರೆ, ಇಲ್ಲವೇ ಜೊತೆಯವರ ಅಂಗೈ ಬೇಕು. ನಿಮ್ಮ ಕೈಗೂ ಕಾಗದದ ಬಟ್ಟಲು ಚುಚ್ಚಿದ ಸಣ್ಣ ಬತ್ತಿ ಕೊಡುತ್ತಾರೆ. ಹಚ್ಚಿಕೊಳ್ಳುವಾಗ ಆರಿರುವ ಬತ್ತಿಯನ್ನು ಬಾಗಿಸಿ, ಉರಿಯುವುದನ್ನು ನೆಟ್ಟಗೆ ಹಿಡಿಯಿರಿ. ಉಲ್ಟಾ ಮಾಡಿದವರ ಮೇಣ ಪಕ್ಕದವರ ರೇಷ್ಮೆ ಸೀರೆಗೆ ಬೀಳುತ್ತದೆ, ಪ್ರತಿ ವರ್ಷ ಬೀಳುತ್ತದೆ.

ಪೂರ್ತಿ ಕ್ರಮದಲ್ಲಿ ಹಳೆಯ ಒಡಂಬಡಿಕೆಯ ಏಳು, ಹೊಸದರ ಎರಡು ಪಾಠ. ಏಳನ್ನು ಮೂರಕ್ಕೆ ಇಳಿಸಬಹುದು, ಆದರೆ ಕೆಂಪು ಸಮುದ್ರ ದಾಟಿದ ಪಾಠ ಬಿಡುವಂತಿಲ್ಲ. ಗ್ಲೋರಿಯಾಕ್ಕೆ ಗುರುವಾರದಿಂದ ಮೂಕವಾಗಿದ್ದ ಗಂಟೆಗಳು ಒಟ್ಟಿಗೆ ಬಾಯಿಬಿಡುತ್ತವೆ, ದೀಪಗಳು ಹೊತ್ತುತ್ತವೆ, ನಿದ್ದೆ ಹೋಗಿದ್ದ ಮಕ್ಕಳು ಬೆಚ್ಚಿ ಅಳುತ್ತವೆ. ನಂತರ ನೀರಿನ ಆಶೀರ್ವಾದ. ಎಲ್ಲರೂ ದೀಕ್ಷಾಸ್ನಾನದ ವಾಗ್ದಾನವನ್ನು ಮತ್ತೆ ಹೇಳುತ್ತಾರೆ. ಎಂಬತ್ತು ವರ್ಷದವರೂ ಹೇಳಬೇಕು. ಒಮ್ಮೆ ಹೇಳಿದ್ದೇನೆ ಸಾಕು ಎನ್ನುವಂತಿಲ್ಲ.

ಬತ್ತಿ ಐವತ್ತು ದಿನ, ಪೆಂತೆಕೋಸ್ತಿನವರೆಗೆ, ಬಲಿಪೀಠದ ಬಳಿ ಉರಿಯುತ್ತದೆ. ಆಮೇಲೆ ದೀಕ್ಷಾಸ್ನಾನದ ತೊಟ್ಟಿಯ ಪಕ್ಕಕ್ಕೆ. ವರ್ಷದಲ್ಲಿ ಹುಟ್ಟಿದ ಮಗುವಿನ ಕೈಬತ್ತಿ ಹಚ್ಚುವುದು ಇದರಿಂದಲೇ, ತೀರಿಕೊಂಡವರ ಪೆಟ್ಟಿಗೆಯ ಬಳಿ ಹಚ್ಚಿಡುವುದೂ ಇದನ್ನೇ.

ಎಂಟನೆಯ ದಿನ, ಈಸ್ಟರ್

ಕೆಲವು ಸಿಎಸ್‌ಐ ಸಭೆಗಳಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಆರಾಧನೆ. ಐದೂವರೆಗೆ ಹೊರಟರೆ ಬೆಳಕು ಹರಿಯುವಾಗ ಅಲ್ಲಿರುತ್ತೀರಿ. ಹೆಂಗಸರು ಸಮಾಧಿಗೆ ಹೋದ ಹೊತ್ತು ಅದು. ಅವರು ಹೋದದ್ದು ಪವಾಡ ನೋಡಲಿಕ್ಕಲ್ಲ, ಹೆಣಕ್ಕೆ ಸುಗಂಧ ಹಚ್ಚುವ ಮಾಮೂಲಿ ಕೆಲಸಕ್ಕೆ. ಮಧ್ಯಾಹ್ನ ಯಾರಾದರೂ ಕರೆದರೆ ಸನ್ನ, ಹಂದಿಮಾಂಸದ ಬಫಾತ್; ಹಂದಿ ತಿನ್ನದವರಿಗೆ ಕೋಳಿ ಇದ್ದೇ ಇರುತ್ತದೆ. ರಾತ್ರಿ ಬಸ್ಸುಗಳು ತುಂಬಿರುತ್ತವೆ, ಬೆಂಗಳೂರಿನ ಸೀಟು ವಾರ ಮೊದಲೇ ಕಾದಿರಿಸಿ.

ಪುಸ್ತಕದಲ್ಲಿಟ್ಟ ಗರಿ ಮನೆಗೆ ಹೋದ ಮೇಲೆ ಹಳದಿಯಾಗಿ, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಕಸಕ್ಕೆ ಹಾಕಬೇಡಿ. ಹಣೆಗೆ ಬೂದಿ ಹಚ್ಚಿ ತಪಸ್ಸುಕಾಲ ಶುರುಮಾಡುವ ಮುಂದಿನ ವಿಭೂತಿ ಬುಧವಾರ 2028ರ ಮಾರ್ಚ್ 1, ಆ ಬೂದಿ ಈ ಗರಿಗಳದ್ದೇ. ಅದಕ್ಕೂ ಮುಂಚಿನ ಭಾನುವಾರಗಳಲ್ಲಿ ಹತ್ತಿರದ ಕೆಥೋಲಿಕ್ ಚರ್ಚಿಗೆ ಕೊಟ್ಟರೆ ಒಣಗರಿಗಳ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ಪುಡಿಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಬುಟ್ಟಿ ಗರಿಗೆ ಒಂದು ಬಟ್ಟಲು ಬೂದಿ. ಪಸೆಯಿದ್ದ ಗರಿ ಹೊಗೆಯಾಡುತ್ತದೆ, ಪೂರ್ತಿ ಸುಡುವುದಿಲ್ಲ. ಬೂದಿಗೆ ನೀರು ಹೆಚ್ಚು ಬೆರೆಸಿ ಕಲಸಿಡಬಾರದು, ಕ್ಷಾರವಾಗಿ ಹಣೆಯ ಚರ್ಮ ಉರಿಯುತ್ತದೆ. ಒಣಗಿದ್ದೇ ಒಳ್ಳೆಯದು, ಹೆಬ್ಬೆರಳಿಗೆ ಅಂಟುವಷ್ಟು.